ಸಲಿಕೆ ಹಿಡಿದ ವೀರ: ಅಣ್ಣನ ಪರ, ತಂಗಿಯ ವಿರೋಧ

ಜಗಳ ಹುಟ್ಟಿದ್ದು ಬೇಸಿಗೆ ರಜೆಯಲ್ಲಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ, ಸೋದರಮಾವನ ಮನೆಗೆ ಬಂದ ಹತ್ತು ವರ್ಷದ ಹುಡುಗನ ಕೈಗೆ ಮಾವ ‘ಶವಲ್ ನೈಟ್’ (ಅಂದರೆ ಸಲಿಕೆ ವೀರ) ಎಂಬ ವಿಡಿಯೋ ಗೇಮ್ ಕೊಟ್ಟ. ಅದು 2014ರ ಆಟ, ನೋಡೋಕೆ ಮಾತ್ರ 1988ರದ್ದು. ವಾಪಸ್ ಬಸ್ ಹತ್ತುವಾಗ ಹುಡುಗನ ಹೆಬ್ಬೆರಳಲ್ಲಿ ಬೊಬ್ಬೆ. ರಾತ್ರಿ ಅವನ ಅಮ್ಮ ಅಣ್ಣನಿಗೆ ಫೋನ್ ಮಾಡಿದಳು. ಹಳೇ ಕಾಲದ ವಿಡಿಯೋ ಗೇಮಿನ ವೇಷವನ್ನೂ ಕಷ್ಟವನ್ನೂ ಬೇಕಂತಲೇ ತೊಟ್ಟು ಬರುವ ಇಂಥ ಆಟವನ್ನು ಈಗಿನ ಮಕ್ಕಳ ಕೈಗೆ ಕೊಡಬೇಕೇ? ಫೋನಿನಲ್ಲಿ ತೀರ್ಮಾನ ಆಗದ್ದರಿಂದ ಇಬ್ಬರೂ ಬರೆದಿದ್ದಾರೆ.

ಪರ: ಒನಕೆಯ ಊರಿನವನಿಗೆ ಸಲಿಕೆ ತಮಾಷೆಯಲ್ಲ

ಆಯುಧ ಅಂದರೆ ಕತ್ತಿಯೇ ಆಗಬೇಕೆಂದಿಲ್ಲ ಅನ್ನುವುದನ್ನು ಚಿತ್ರದುರ್ಗದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೇ ಕ್ಲಾಸಿಗೆ ಬರುವಷ್ಟರಲ್ಲಿ ಮೇಷ್ಟ್ರು ಒಮ್ಮೆಯಾದರೂ ಕೋಟೆ ಹತ್ತಿಸಿ, ಓಬವ್ವನ ಕಿಂಡಿ ಮುಂದೆ ಸಾಲಾಗಿ ನಿಲ್ಲಿಸಿ, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಹೇಗೆ ನುಸುಳಿದರು, ನೀರಿಗೆ ಬಂದವಳು ಹೇಗೆ ಒನಕೆ ಎತ್ತಿದಳು ಅಂತ ಹೇಳಿರುತ್ತಾರೆ. ಮೇಷ್ಟ್ರು ಆ ಕಡೆ ತಿರುಗಿದಾಗ ನಾವೂ ಕಿಂಡಿಯಲ್ಲಿ ತೂರಿ ಮೊಣಕೈ ತರಚಿಕೊಂಡಿರುತ್ತೇವೆ. ಹಾಗಾಗಿ, ಸಲಿಕೆ ಹಿಡಿದು ಹೋರಾಡುವ ವೀರನ ಆಟವೊಂದು ಬಂದಿದೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕರು. ನನಗೆ ನಗು ಬರಲಿಲ್ಲ.

ಈ ವೀರನಿಗೆ ಮೈತುಂಬ ನೀಲಿ ಕವಚ, ತಲೆಗೆ ಕೊಂಬಿನ ಶಿರಸ್ತ್ರಾಣ, ಕೈಯಲ್ಲಿ ಮಣ್ಣು ತೆಗೆಯುವ ಸಲಿಕೆ. ಅದರಿಂದ ಗುಡ್ಡೆ ಅಗೆದರೆ ಹರಳು ಸಿಗುತ್ತದೆ. ಬೀಸಿದರೆ ಎದುರಾಳಿ ಬೀಳುತ್ತಾನೆ. ಮೇಲಕ್ಕೆ ನೆಗೆದು ಸಲಿಕೆಯನ್ನು ಕೆಳಮುಖ ಮಾಡಿ ಹಿಡಿದರೆ ಎದುರಾಳಿಯ ತಲೆ ಮೇಲೇ ಕುಪ್ಪಳಿಸಿಕೊಂಡು ಮುಂದಿನ ಕಟ್ಟೆ ಸೇರಬಹುದು. ಕುಪ್ಪಳಿಕೆ ಹೊಸದೇನಲ್ಲ, 1989ರ ‘ಡಕ್‌ಟೇಲ್ಸ್’ ಆಟದಲ್ಲಿ ಜುಗ್ಗ ಮುದಿ ಬಾತುಕೋಳಿ ತನ್ನ ಊರುಗೋಲಿನ ಮೇಲೆ ಹೀಗೇ ಕುಪ್ಪಳಿಸುತ್ತಿತ್ತು. ಆದರೆ ಒಂದೇ ಸಲಿಕೆಗೆ ಮೂರು ಕೆಲಸ ಹಚ್ಚಿ ಇಡೀ ಆಟವನ್ನು ಅದರ ಮೇಲೆ ನಿಲ್ಲಿಸಿದ್ದಾರಲ್ಲ, ಅದು ನನಗೆ ಹಿಡಿಸಿತು. ನಮ್ಮ ತೋಟದಲ್ಲಿ ನೀರು ತಿರುವುವವನೂ ಅಷ್ಟೇ. ಮಡೆ ಕಟ್ಟುವುದೂ ಸಲಿಕೆಯಲ್ಲೇ, ಹಾವು ಹೊಡೆಯುವುದೂ ಸಲಿಕೆಯಲ್ಲೇ, ಮಧ್ಯಾಹ್ನ ತಲೆದಿಂಬಾಗುವುದೂ ಅದರ ಕಾವೇ.

ಹಳೇ ಆಟಗಳು ಯಾಕೆ ಅಷ್ಟು ಕ್ರೂರ ಇದ್ದವು ಅನ್ನುವುದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನನ್ನ ವಾದ ನಿಲ್ಲುವುದಿಲ್ಲ.

ನಮ್ಮ ಮನೆಗೆ ಟಿವಿ ಗೇಮ್ ಬಂದಿದ್ದು 1996ರಲ್ಲಿ. 1983ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಬಿಟ್ಟ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರದ ನಕಲಿಯ ನಕಲಿ ಅದು. ಹಳದಿ ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಬರೆದಿರುತ್ತಿತ್ತು, ಒಳಗೆ ನಿಜವಾಗಿ ಇದ್ದದ್ದು ಹತ್ತೋ ಹನ್ನೆರಡೋ ಆಟ. ಅವೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಚಿತ್ರ ಬರದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಊದುವುದು, ಮತ್ತೆ ಹಾಕುವುದು, ಆಮೇಲೆ ದೇವರ ಮೇಲೆ ಭಾರ. ಅಡಾಪ್ಟರ್ ಕಾದು ವಾಸನೆ ಬಂದರೆ ಅಮ್ಮ ಕಿರುಚುತ್ತಿದ್ದಳು. ಒಂದನೇ ಕಂಟ್ರೋಲರ್ ನನ್ನದು, ಎರಡನೆಯದು ತಂಗಿಯದು, ಚೆನ್ನಾಗಿ ಆಡಿಕೊಂಡಿದ್ದೆವು. ಎಂಟನೇ ಲೋಕದವರೆಗೆ ಮಾರಿಯೋನನ್ನು ಒಯ್ದು ಇನ್ನೇನು ಅನ್ನುವಾಗ ಕರೆಂಟ್ ಹೋಗುತ್ತಿತ್ತು. ಮತ್ತೆ ಮೊದಲಿಂದ. ಉಳಿಸಿಟ್ಟುಕೊಳ್ಳುವ ಸೌಲಭ್ಯವೇ ಅದರಲ್ಲಿರಲಿಲ್ಲ.

1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಇಡೀ ಆಟ ಬರೀ 40 ಕಿಲೋಬೈಟ್. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರ ಎಷ್ಟೋ ಪಟ್ಟು ತೂಗುತ್ತದೆ. ಅಷ್ಟು ಚಿಕ್ಕ ಡಬ್ಬಿಯಲ್ಲಿ ಹಿಡಿಸುವ ಆಟ ಅರ್ಧ ಗಂಟೆಗೆ ಮುಗಿದರೆ ದುಡ್ಡು ಕೊಟ್ಟವನು ಸುಮ್ಮನಿರುತ್ತಾನೆಯೇ? ಹಾಗಾಗಿ ಸಾಯಿಸಿ ಸಾಯಿಸಿ ಉದ್ದ ಮಾಡುತ್ತಿದ್ದರು. ಅದಕ್ಕೂ ಮುಂಚೆ ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲ. ಅಲ್ಲಿ ಆಡುವವನು ಬೇಗ ಸತ್ತಷ್ಟೂ ಅಂಗಡಿಯವನಿಗೆ ಲಾಭ. ಕ್ರೌರ್ಯ ಅಲ್ಲಿಂದ ಬಂದದ್ದು.

ಶವಲ್ ನೈಟ್ ಮಾಡಿದ ಯಾಟ್ ಕ್ಲಬ್ ಗೇಮ್ಸ್‌ನವರು ಹಳೆಯದನ್ನು ಪೂಜೆ ಮಾಡಲಿಲ್ಲ, ಜರಡಿ ಹಿಡಿದರು. ಇಷ್ಟೇ ಪ್ರಾಣ ಅನ್ನುವ ಲೆಕ್ಕ ಇಲ್ಲಿಲ್ಲ. ‘ಗೇಮ್ ಓವರ್’ ಅನ್ನುವ ಫಲಕ ಇಲ್ಲ. ಸತ್ತರೆ ಗಂಟಿನ ಒಂದು ಪಾಲು ಮೂರು ಚೀಲಗಳಾಗಿ, ರೆಕ್ಕೆ ಬಡಿಯುತ್ತ ಸತ್ತ ಜಾಗದಲ್ಲೇ ತೇಲುತ್ತಿರುತ್ತದೆ. ದಾರಿಯಲ್ಲಿ ಎಡೆಗೊಂದು ಗಾಜಿನ ದೀಪ; ಅದನ್ನು ದಾಟಿದರೆ ಮುಂದಿನ ಸಲ ಅಲ್ಲಿಂದಲೇ ಶುರು. ಹೋಗಿ ಚೀಲ ಹಿಡಿದರೆ ದುಡ್ಡು ವಾಪಸ್. ಹಿಡಿಯುವ ಮೊದಲು ಇನ್ನೊಮ್ಮೆ ಸತ್ತರೆ ಹೋಯಿತು.

ಇದರಲ್ಲೊಂದು ಕಿತಾಪತಿ ಇಟ್ಟಿದ್ದಾರೆ. ಆ ದೀಪಗಳನ್ನು ಸಲಿಕೆಯಿಂದ ಒಡೆಯಬಹುದು. ಒಡೆದರೆ ಒಳಗಿನ ಹರಳುಗಳು ಸುರಿಯುತ್ತವೆ, ದೀಪ ಇನ್ನು ಉಪಯೋಗಕ್ಕಿಲ್ಲ, ಸತ್ತರೆ ಹಿಂದಿನ ದೀಪದವರೆಗೆ ನಡಿ. ನನ್ನ ಸೋದರಳಿಯ ಮೊದಲ ದಿನ ಪ್ರತಿ ದೀಪಕ್ಕೂ ಕೈ ಮುಗಿಯುವುದೊಂದು ಬಾಕಿ. ಮೂರನೇ ದಿನ ‘ಲಿಚ್ ಯಾರ್ಡ್’ ಎಂಬ ಸ್ಮಶಾನದ ಘಟ್ಟದಲ್ಲಿದ್ದ. ಅಲ್ಲಿ ಕೆಲವು ಕಡೆ ಪರದೆ ಪೂರಾ ಕಪ್ಪು, ಮಿಂಚು ಹೊಡೆದಾಗ ಮಾತ್ರ ಕಟ್ಟೆ ಯಾವುದು ಗುಂಡಿ ಯಾವುದು ಕಾಣುವುದು. ದೀಪದ ಮುಂದೆ ನಿಂತ. ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಸಲಿಕೆ ಎತ್ತಿದ, ಇಳಿಸಿದ, ಎರಡು ಹೆಜ್ಜೆ ಮುಂದೆ ಹೋದ, ತಿರುಗಿ ಬಂದು ಫಟಾರನೆ ಒಡೆದ. ಆಮೇಲೆ ಆ ಹುಡುಗ ಉಸಿರು ಬಿಗಿಹಿಡಿದು ಆಡಿದ್ದನ್ನು ನೀವು ನೋಡಬೇಕಿತ್ತು. ನಾಲ್ಕನೇ ಮಿಂಚಿಗೆ ಗುಂಡಿಗೆ ಬಿದ್ದ. ಬೈಕೊಂಡಿದ್ದು ಆಟಕ್ಕಲ್ಲ, ತನಗೇ. ‘ನಂದೇ ದುರಾಸೆ ಮಾವ’ ಅಂದ. ಸುಲಭ, ಸಾಧಾರಣ, ಕಷ್ಟ ಅಂತ ಮೊದಲೇ ಪಟ್ಟಿ ಕೊಟ್ಟು ಆರಿಸಿಕೋ ಅನ್ನುವ ಆಟಗಳಲ್ಲಿ ಹೀಗಾಗುವುದಿಲ್ಲ. ಇಲ್ಲಿ ಕಷ್ಟವನ್ನು ಆಡುವವನೇ, ಅಲ್ಲಲ್ಲೇ, ತನ್ನ ಆಸೆಗೆ ತಕ್ಕಂತೆ ಮೈಮೇಲೆ ಎಳೆದುಕೊಳ್ಳುತ್ತಾನೆ.

ಕಲಿಸುವ ರೀತಿ ಕೂಡ ನೋಡಿ. ಉದ್ದುದ್ದ ಸೂಚನೆ ಓದಿಸುವುದಿಲ್ಲ. ಮೊದಲ ಘಟ್ಟದಲ್ಲಿ ಕುಪ್ಪಳಿಸದೆ ದಾಟಲಾಗದ ಒಂದು ಜಾಗ ಇಟ್ಟಿರುತ್ತಾರೆ, ತಪ್ಪಿದರೂ ಪ್ರಾಣ ಹೋಗುವುದಿಲ್ಲ. ಮುಂದೆ ಅದೇ ಕುಪ್ಪಳಿಕೆ ಗುಂಡಿಯ ಮೇಲೆ ಬರುತ್ತದೆ. ಅದರ ಮುಂದೆ, ಅಲುಗಾಡುವ ಕಟ್ಟೆಯ ಮೇಲೆ. ನಮ್ಮ ಕೋಟೆಯ ಬಾಗಿಲುಗಳೂ ಹೀಗೇ. ನೇರ ಒಂದೂ ಇಲ್ಲ. ಆನೆ ಓಡಿಬಂದು ಗುದ್ದಬಾರದು ಅಂತ ಪ್ರತಿ ದಾರಿಗೂ ಒಂದು ತಿರುವು. ಮೊದಲ ಸುತ್ತಿನಲ್ಲಿ ಕಾಲಿಗೆ ಅರ್ಥವಾದದ್ದು ಮುಂದಿನ ಸುತ್ತಿನಲ್ಲಿ ಕೆಲಸಕ್ಕೆ ಬರುತ್ತದೆ. ಏಳು ಸುತ್ತಿನ ಕೋಟೆಯನ್ನು ಕಟ್ಟಿದವನಿಗೆ ಕಂಟ್ರೋಲರ್ ಕೊಟ್ಟಿದ್ದರೆ ಒಳ್ಳೆಯ ಘಟ್ಟಗಳನ್ನೇ ಕಟ್ಟುತ್ತಿದ್ದ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಇನ್ನು ಆಡುವವನು? ಕೋತಿರಾಜ್ ಅಂತಲೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ ಆ ಗೋಡೆ ಹತ್ತುವುದನ್ನು ಕೆಳಗೆ ನಿಂತು ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ಇದು ಬರೀ ವೇಷ ಅಂತ ತಂಗಿ ಬರೆಯುತ್ತಾಳೆ, ಗೊತ್ತು. ಅದಕ್ಕೆ ಮುಂಚಿತವಾಗಿ ನನ್ನ ಉತ್ತರ ಅಮ್ಮನ ರಂಗೋಲಿ. ಅಮ್ಮ ಚುಕ್ಕಿ ಇಟ್ಟೇ ರಂಗೋಲಿ ಹಾಕುವವಳು. ಬಣ್ಣದ ಪುಡಿ ಸುರಿದು ನವಿಲು ಬಿಡಿಸಲು ಬರುವುದಿಲ್ಲ ಅಂತಲ್ಲ. ಚುಕ್ಕಿಯ ಲೆಕ್ಕದೊಳಗೇ ಎಳೆ ತಿರುಗಿಸಿ ಕೂಡಿಸುವ ಖುಷಿ ಬೇರೆ. ಹಳೇ ಯಂತ್ರಕ್ಕೆ ತೋರಿಸಲು ಬರುತ್ತಿದ್ದದ್ದು 54 ಬಣ್ಣ. ಒಂದೇ ಅಡ್ಡಸಾಲಿನಲ್ಲಿ 8ಕ್ಕಿಂತ ಹೆಚ್ಚು ಗೊಂಬೆ ಬಂದರೆ ಕೆಲವು ಮಿಣಕ್ ಮಿಣಕ್ ಅಂತ ಮಾಯವಾಗುತ್ತಿದ್ದವು; ‘ಕಾಂಟ್ರಾ’ದಲ್ಲಿ ಗುಂಡು ಕಾಣದೆ ಸತ್ತವರಿಗೆ ಇದು ನೆನಪಿರುತ್ತದೆ. ಶವಲ್ ನೈಟ್‌ನವರು ಆ ಬಣ್ಣಗಳನ್ನೇ ಇಟ್ಟುಕೊಂಡರು, ಬೇಕಾದ ನಾಲ್ಕನ್ನು ಸೇರಿಸಿಕೊಂಡರು, ಮಿಣುಕಾಟವನ್ನು ಬಿಟ್ಟುಹಾಕಿದರು, ಪರದೆ ಅಗಲ ಮಾಡಿದರು. ಏನು ಉಳಿಯಬೇಕು ಏನು ಹೋಗಬೇಕು ಅಂತ ಒಂದೊಂದನ್ನೂ ಕೂತು ಯೋಚಿಸಿದ ಕೆಲಸ ಇದು. ಸಂಗೀತ ಜೇಕ್ ಕಾಫ್‌ಮನ್‌ರದ್ದು. 1987ರ ‘ಮೆಗಾ ಮ್ಯಾನ್’ಗೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಯೆ ಕೂಡ ಎರಡು ತುಣುಕು ಕೊಟ್ಟಿದ್ದಾರೆ. ಟಿವಿ ಆಫ್ ಮಾಡಿದ ಮೇಲೂ ಮನೆಯಲ್ಲಿ ಯಾರಾದರೊಬ್ಬರು ಅದನ್ನು ಗುನುಗುತ್ತಿರುತ್ತಾರೆ.

ಇನ್ನು ಹುಚ್ಚಾಟದ ವಿಷಯ. ಒಂದು ಕೊಳದಲ್ಲಿ ಅರ್ಧ ಟ್ರೌಟ್ ಮೀನು, ಅರ್ಧ ಸೇಬು ಆಗಿರುವ ದೈತ್ಯ ರಾಜ ಇದ್ದಾನೆ. ‘ಟ್ರಪಲ್ ಕಿಂಗ್’ ಅಂತ ಅವನ ಹೆಸರು. ನಾವು ಮನೆಯಲ್ಲಿ ‘ಮೀಸೇಬು ರಾಜ’ ಅನ್ನುತ್ತೇವೆ. ಬಟ್ಟಲು ಹಿಡಿದು ಹೋದರೆ ಪರಿವಾರ ಸಮೇತ ಕುಣಿದು, ಬಟ್ಟಲಿಗೆ ಮಾಯದ ರಸ ತುಂಬಿ ಕಳಿಸುತ್ತಾನೆ. ಯಾಕೆ ಕುಣಿಯುತ್ತಾನೆ ಅಂತ ಕೇಳಬೇಡಿ. ಹುಡುಗ ಆ ಕೊಳಕ್ಕೆ ಬಟ್ಟಲು ತುಂಬಿದ್ದಾಗಲೂ ಹೋಗುತ್ತಿದ್ದ.

ದುಡ್ಡಿನ ಮಾತೊಂದು ಹೇಳಿ ಮುಗಿಸುತ್ತೇನೆ. 2013ರಲ್ಲಿ ಯಾಟ್ ಕ್ಲಬ್‌ನವರು ಜನರಿಂದ ಮುಂಗಡವಾಗಿ ಕೇಳಿದ್ದು 75,000 ಡಾಲರ್, ಬಂದದ್ದು 3,11,000ಕ್ಕೂ ಹೆಚ್ಚು. ಆಗ ಕೊಟ್ಟ ಮಾತಿನಂತೆ ಮೂವರು ಖಳರನ್ನು ನಾಯಕರನ್ನಾಗಿ ಮಾಡಿ ಮೂರು ಹೊಸ ಕಥೆ ಕಟ್ಟಿದರು: 2015ರಲ್ಲೊಂದು, 2017ರಲ್ಲೊಂದು, 2019ರಲ್ಲೊಂದು. ಮೊದಲು ಕೊಂಡವರಿಗೆ ಮೂರೂ ಪುಕ್ಕಟೆ. ಮಧ್ಯೆ ಜಾಹೀರಾತಿಲ್ಲ, ‘ಹತ್ತು ರೂಪಾಯಿ ಕೊಟ್ಟರೆ ಇನ್ನೊಂದು ಪ್ರಾಣ’ ಅನ್ನುವ ಭಿಕ್ಷೆ ಇಲ್ಲ. ತಂಗಿಯ ಮನೆಯಲ್ಲಿ ಹುಡುಗ ಮೊಬೈಲಿನಲ್ಲಿ ಆಡುವ ಪುಕ್ಕಟೆ ಆಟಗಳು ಎರಡು ನಿಮಿಷಕ್ಕೊಮ್ಮೆ ಸಾಲದ ಆ್ಯಪಿನ ಜಾಹೀರಾತು ತೋರಿಸುತ್ತವೆ. ಅದಕ್ಕಿಲ್ಲದ ತಕರಾರು ಇದಕ್ಕೆ ಯಾಕೆ?

ಬೊಬ್ಬೆ ಬಂದದ್ದು ನಿಜ. ಕೊಬ್ಬರಿ ಎಣ್ಣೆ ಹಚ್ಚಿಯೇ ಕಳಿಸಿದ್ದೆ.

ವಿರೋಧ: ಎರಡನೇ ಕಂಟ್ರೋಲರ್‌ಗೆ ಸ್ಟಾರ್ಟ್ ಬಟನ್ ಇರಲಿಲ್ಲ

ಅಣ್ಣ ಬರೆದದ್ದು ಓದಿದೆ. ‘ಒಂದನೇ ಕಂಟ್ರೋಲರ್ ನನ್ನದು, ಎರಡನೆಯದು ತಂಗಿಯದು, ಚೆನ್ನಾಗಿ ಆಡಿಕೊಂಡಿದ್ದೆವು.’ ಆ ಸಾಲನ್ನು ಎರಡು ಸಲ ಓದಿದೆ.

ಆ ಟಿವಿ ಗೇಮಿನ ಎರಡು ಕಂಟ್ರೋಲರ್ ಒಂದೇ ಥರ ಇರಲಿಲ್ಲ. ಒಂದನೆಯದರ ಮಧ್ಯೆ ‘ಸೆಲೆಕ್ಟ್’, ‘ಸ್ಟಾರ್ಟ್’ ಅಂತ ಎರಡು ಉದ್ದ ಬಟನ್. ಎರಡನೆಯದರಲ್ಲಿ ಆ ಜಾಗ ಬೋಳು. ಜಪಾನಿನ ಅಸಲಿ ಯಂತ್ರದಲ್ಲೂ ಹಾಗೇ ಇತ್ತು ಅಂತ ಈಚೆಗೆ ಗೊತ್ತಾಯಿತು. ಯಾವ ಆಟ ಅಂತ ಆರಿಸುವುದು, ಶುರು ಮಾಡುವುದು, ನಿಲ್ಲಿಸುವುದು, ಎಲ್ಲ ಅಣ್ಣನ ಹೆಬ್ಬೆರಳಿಗೆ. ನನಗೆ ಬಾತ್ರೂಮಿಗೆ ಹೋಗಬೇಕಾದರೂ ‘ಅಣ್ಣ, ನಿಲ್ಸೋ’ ಅಂತ ಬೇಡಬೇಕಿತ್ತು. ನಿಲ್ಲಿಸುತ್ತಿರಲಿಲ್ಲ.

ಮಾರಿಯೋದಲ್ಲಿ ಇಬ್ಬರು ಆಡುವುದು ಅಂದರೆ ಸರದಿ. ಮೊದಲನೆಯವನು ಸತ್ತರೆ ಮಾತ್ರ ಎರಡನೆಯವರಿಗೆ ಮಾರಿಯೋನ ತಮ್ಮ ಲೂಯಿಜಿ ಸಿಗುತ್ತಾನೆ. ನಮ್ಮಣ್ಣ ಚೆನ್ನಾಗಿ ಆಡುತ್ತಿದ್ದ, ಅದೇ ನನ್ನ ಕರ್ಮ. ಮುಕ್ಕಾಲು ಗಂಟೆ ಕಂಟ್ರೋಲರ್ ಹಿಡಿದು ಕೂತು, ಅವನು ಸಾಯಲಿ ತಾಯೀ ಅಂತ ಏಕನಾಥೇಶ್ವರಿಗೆ ಹರಕೆ ಹೊತ್ತವಳು ನಾನು. ಕೊನೆಗೂ ಸತ್ತಾಗ ಗಡಿಬಿಡಿಯಲ್ಲಿ ಮೊದಲ ಅಣಬೆಗೇ ಗುದ್ದಿ ನನ್ನ ಸರದಿ ಮುಗಿಯುತ್ತಿತ್ತು. ‘ಕಾಂಟ್ರಾ’ದಲ್ಲಿ ಇಬ್ಬರೂ ಒಟ್ಟಿಗೆ ಇರುತ್ತೇವೆ ನಿಜ. ಆದರೆ ಜಲಪಾತದ ಘಟ್ಟದಲ್ಲಿ ಅಣ್ಣ ಮೇಲೆ ಮೇಲೆ ನೆಗೆದ ಹಾಗೆ ಪರದೆಯೂ ಮೇಲೇರಿ, ಕೆಳಗೆ ಉಳಿದ ನಾನು ಯಾವ ಗುಂಡೂ ತಾಗದೆ ಸಾಯುತ್ತಿದ್ದೆ.

ಇದನ್ನೆಲ್ಲ ಇಷ್ಟುದ್ದ ಹೇಳಲು ಕಾರಣ ಇದೆ. ಹಳೇ ಶೈಲಿಯ ಆಟಗಳನ್ನು ಹೊಗಳುವವರು ಮೊದಲು ಹಾಕುವ ದಾಳ ನೆನಪು. ‘ನಮ್ಮ ಬಾಲ್ಯ’ ಅನ್ನುತ್ತಾರೆ. ಯಾರ ಬಾಲ್ಯ? ಒಂದನೇ ಕಂಟ್ರೋಲರ್ ಹಿಡಿದವರದ್ದು. ನನ್ನ ಕ್ಲಾಸಿನ ಮೂವತ್ತು ಹುಡುಗಿಯರಲ್ಲಿ ಟಿವಿ ಗೇಮ್ ಮುಟ್ಟಿದವರು ನನ್ನನ್ನೂ ಸೇರಿಸಿ ಮೂವರು. ಮೂವರದ್ದೂ ಎರಡನೇ ಕಂಟ್ರೋಲರ್. ಆ ಕಾಲದ ಕಷ್ಟವನ್ನು ಸಿಹಿ ಅಂದುಕೊಳ್ಳಲು ಆ ಕಾಲದಲ್ಲಿ ಗೆದ್ದಿರಬೇಕು.

ಇನ್ನು ರಂಗೋಲಿ. ಅಮ್ಮನನ್ನು ಸಾಕ್ಷಿಗೆ ಕರೆದಿದ್ದಾನೆ, ಇರಲಿ. ಮಾರಿಯೋದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಒಂದೇ ಚಿತ್ರ ಅನ್ನುವುದನ್ನು ಗಮನಿಸಿದ್ದೀರಾ? ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಆ 40 ಕಿಲೋಬೈಟಿನಲ್ಲಿ ಎರಡು ಚಿತ್ರಕ್ಕೆ ಜಾಗ ಇಲ್ಲದಾಗ ಹೊಳೆದ ಉಪಾಯ ಅದು. ಅದನ್ನು ಕಂಡರೆ ನನಗೂ ಕೈ ಮುಗಿಯಬೇಕು ಅನ್ನಿಸುತ್ತದೆ. ಜಾಗಕ್ಕೆ ಬರ ಇಲ್ಲದ ಕಾಲದಲ್ಲಿ ಅದೇ ಬಡತನವನ್ನು ಮೈಮೇಲೆ ಹಾಕಿಕೊಂಡು ಬಂದರೆ? ನಮ್ಮ ದಾವಣಗೆರೆಯಲ್ಲಿ ಒಂದು ಕಾಲಕ್ಕೆ ಬೀದಿಗೊಂದು ಅನ್ನುವ ಹಾಗೆ ಹತ್ತಿ ಗಿರಣಿ, ಮಗ್ಗ. ಕೈಮಗ್ಗದ ಬಟ್ಟೆಯಲ್ಲಿ ಅಲ್ಲಲ್ಲಿ ನೂಲಿನ ಗಂಟು ಬರುವುದು ಸಹಜ. ಕೈ ನೂತದ್ದು, ಕೈ ನೇಯ್ದದ್ದು. ಅದಕ್ಕೆ ಬೆಲೆ ಬಂದ ಮೇಲೆ ಮಿಲ್ ಬಟ್ಟೆಯಲ್ಲೂ ಬೇಕಂತಲೇ ಗಂಟು ನೇಯ್ದು ಮಾರುತ್ತಾರೆ. ಚೆನ್ನಾಗಿಯೇ ಇರುತ್ತದೆ, ನನ್ನ ಹತ್ತಿರವೂ ಅಂಥದ್ದೊಂದು ಕುರ್ತಾ ಇದೆ. ಕೈಮಗ್ಗ ಅಂತ ಮಾತ್ರ ಹೇಳಬೇಡಿ.

ಆದರೆ ನನ್ನ ನಿಜವಾದ ತಕರಾರು ಬಣ್ಣದ್ದಲ್ಲ, ಚೀಲದ್ದು.

ಮಗ ವಾಪಸ್ ಬಂದ ಮೇಲೂ ಆಟ ಬಿಡಲಿಲ್ಲ. ಒಂದು ಸಂಜೆ ಅವನ ಹಿಂದೆ ಕೂತು ನೋಡಿದೆ. ‘ಫ್ಲೈಯಿಂಗ್ ಮೆಶೀನ್’ ಅನ್ನುವ ಘಟ್ಟ. ಆಕಾಶದಲ್ಲಿ ಹಡಗು, ತಲೆಗೆ ಫ್ಯಾನ್ ಕಟ್ಟಿಕೊಂಡು ಹಾರುವ ಇಲಿಗಳು, ಎದುರಿಂದ ಗಾಳಿ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರದ ಕೆಳಗೆ ನಿಂತ ಹಾಗೆ. ಇಲ್ಲಿ ಏಟು ತಿಂದರೆ ವೀರ ಹಿಂದಕ್ಕೆ ಎಗರುತ್ತಾನೆ. ಹಿಂದೆ ಇರುವುದು ಕಟ್ಟೆಯಲ್ಲ, ಬಯಲು. ಅಂದರೆ ಇಲಿ ಕೊಲ್ಲುವುದಿಲ್ಲ, ಎಗರಿದ್ದು ಕೊಲ್ಲುತ್ತದೆ. ಮೈಯಲ್ಲಿ ಆರು ಗುಳ್ಳೆ ಪ್ರಾಣ ಉಳಿದಿದ್ದರೂ ಗುಂಡಿಗೆ ಬಿದ್ದರೆ ಪೂರಾ ಸಾವು. ಚೀಲಗಳು ಆ ಬಯಲಿನ ಅಂಚಲ್ಲಿ ತೇಲುತ್ತಿವೆ. ಹುಡುಗ ಬಿಡುತ್ತಾನೆಯೇ? ಅದನ್ನು ಹಿಡಿಯಲು ಹಾರಿದ, ಸತ್ತ. ಈಗ ಹಳೆಯ ಚೀಲ ಮಾಯ, ಇರುವುದರಲ್ಲಿ ಮತ್ತೊಂದು ಪಾಲು ಹೊಸ ಚೀಲವಾಗಿ ಅಲ್ಲೇ. ಮತ್ತೆ ಹಾರಿದ. ಒಂಬತ್ತು ಸಲ ಎಣಿಸಿದೆ. ಪ್ರತಿ ಸಲ ಅವನ ಕೆಳದುಟಿ ಒಳಗೆ ಹೋಗುತ್ತಿತ್ತು. ನಮ್ಮ ಬೀದಿಯಲ್ಲಿ ಮೀಟರ್ ಬಡ್ಡಿಗೆ ಸಿಕ್ಕಿಕೊಂಡ ಗೂಡಂಗಡಿಯವನೊಬ್ಬ ಹೀಗೇ ತುಟಿ ಕಚ್ಚಿಕೊಂಡು ಲೆಕ್ಕ ಹಾಕುವುದನ್ನು ಕಂಡಿದ್ದೇನೆ.

ಈ ಆಟದ ಅರ್ಥಶಾಸ್ತ್ರ ಸ್ವಲ್ಪ ನೋಡಿ. ಏಟಿಗೆ ಹಿಂದೆ ಎಗರದ ಹಾಗೆ ಕಾಯುವ ಕವಚ ಇದೆ, ಸತ್ತಾಗ ಕಡಿಮೆ ದುಡ್ಡು ಹೋಗುವ ಕವಚವೂ ಇದೆ. ಎರಡನ್ನೂ ದುಡ್ಡು ಕೊಟ್ಟು ಕೊಳ್ಳಬೇಕು. ಪ್ರಾಣ ಹೆಚ್ಚಿಸುವ ಊಟಕ್ಕೂ ದುಡ್ಡು. ಚೆನ್ನಾಗಿ ಆಡುವವನು ಸಾಯುವುದಿಲ್ಲ, ಅವನ ಗಂಟು ಬೆಳೆಯುತ್ತದೆ, ಕವಚ ಕೊಳ್ಳುತ್ತಾನೆ, ಇನ್ನೂ ಕಡಿಮೆ ಸಾಯುತ್ತಾನೆ. ಕವಚ ನಿಜವಾಗಿ ಬೇಕಾಗಿರುವುದು ಯಾರಿಗೋ ಅವನ ಜೇಬು ಪ್ರತಿ ಸಾವಿಗೂ ಹಗುರ. ‘ಕಷ್ಟವನ್ನು ಆಡುವವನೇ ಎಳೆದುಕೊಳ್ಳುತ್ತಾನೆ’ ಅಂದನಲ್ಲ ಅಣ್ಣ, ದೀಪ ಒಡೆಯುವವನ ಮಟ್ಟಿಗೆ ಅದು ಸರಿ. ಒಡೆಯದೆ, ಪ್ರತಿ ದೀಪಕ್ಕೂ ಕೈ ಮುಗಿದು ಹೋಗುವವನ ಕಷ್ಟ ಯಾರು ಎಳೆದು ಹಾಕಿದ್ದು?

ಸಹಾಯ ಇಲ್ಲವೇ ಅಂದರೆ ಇದೆ. ಹೆಸರು ಬರೆಯುವ ಜಾಗದಲ್ಲಿ ಗುಟ್ಟಿನ ಅಕ್ಷರಗಳನ್ನು ಹಾಕಿದರೆ ಬಗೆಬಗೆಯ ಸವಲತ್ತು ಸಿಗುತ್ತದೆ. ಅದಕ್ಕೆ ಇಟ್ಟ ಹೆಸರು ‘ಚೀಟ್’. ಮೋಸ. ಈ ಪದ ನನಗೆ ಆಗಿಬರುವುದಿಲ್ಲ. ಹುಡುಗರೆಲ್ಲ ಮಂತ್ರದ ಹಾಗೆ ಹೇಳುತ್ತಿದ್ದ ‘ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ’ ಇದೆಯಲ್ಲ, ‘ಕಾಂಟ್ರಾ’ದಲ್ಲಿ 30 ಪ್ರಾಣ ಕೊಡುತ್ತಿದ್ದದ್ದು, ಅದು ಹುಟ್ಟಿದ್ದು 1986ರಲ್ಲಿ ಮನೆಯ ಯಂತ್ರಕ್ಕೆ ಬಂದ ‘ಗ್ರೇಡಿಯಸ್’ ಎಂಬ ಆಟದಲ್ಲಿ. ಆ ಆಟದ ಕಂಪನಿ ಕೊನಾಮಿಯ ಕಝುಹಿಸಾ ಹಶಿಮೊಟೊ ಅದನ್ನು ಇಟ್ಟದ್ದು ಯಾಕೆ ಗೊತ್ತೇ? ಪರೀಕ್ಷೆ ಮಾಡಲು ಕೂತರೆ ತಾನು ಮಾಡುತ್ತಿದ್ದ ಆಟ ತನಗೇ ಬಹಳ ಕಷ್ಟವಾಗಿತ್ತು! ಆಟ ಕಟ್ಟಿದವರೇ ಹಿತ್ತಲ ಬಾಗಿಲು ಇಟ್ಟುಕೊಂಡಿದ್ದರು. ನಾವು ಮಾತ್ರ ಮುಂಬಾಗಿಲಿಗೆ ತಲೆ ಚಚ್ಚಿಕೊಂಡು ಅದನ್ನು ಶೌರ್ಯ ಅಂದುಕೊಂಡೆವು.

2018ರಲ್ಲಿ ‘ಸೆಲೆಸ್ಟ್’ ಅಂತ ಇನ್ನೊಂದು ಆಟ ಬಂತು. ಅದೂ ಚುಕ್ಕಿ ಚಿತ್ರದ್ದೇ, ಶವಲ್ ನೈಟ್‌ಗಿಂತ ಎಷ್ಟೋ ಕಠಿಣ. ಒಬ್ಬ ಹುಡುಗಿ ಬೆಟ್ಟ ಹತ್ತುತ್ತಾಳೆ, ಅಷ್ಟೇ ಕಥೆ, ನಮ್ಮೂರಿನವರಿಗೆ ಇಷ್ಟವಾಗಬೇಕು. ಅದರಲ್ಲಿ ‘ಅಸಿಸ್ಟ್ ಮೋಡ್’ ಇದೆ. ಆಟದ ವೇಗವನ್ನು ಅರ್ಧದವರೆಗೆ ಇಳಿಸಬಹುದು, ದಣಿವಾಗದ ಹಾಗೆ ಮಾಡಬಹುದು, ಸಾಯದ ಹಾಗೂ ಮಾಡಬಹುದು. ಗುಟ್ಟಿನ ಅಕ್ಷರ ಬೇಡ, ಪಟ್ಟಿಯಲ್ಲೇ ಇದೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವ ಕಾಲೇಜಿಗೆ ಒಂದು ಕೈ ಸ್ವಾಧೀನವಿಲ್ಲದ ಹುಡುಗನೊಬ್ಬ ಬರುತ್ತಿದ್ದ. ವೇಗ ಇಳಿಸಿಕೊಂಡು ಅವನು ಆ ಬೆಟ್ಟ ಹತ್ತಿದ. ‘ಮೇಡಂ, ಮುಗಿಸಿದೆ’ ಅಂತ ಬಂದು ಹೇಳಿದ. ಅವನು ಮೋಸ ಮಾಡಿದ ಅಂತ ಹೇಳುವ ಧೈರ್ಯ ನಮ್ಮಣ್ಣನಿಗಿದೆಯೇ?

ಕಥೆಯ ಬಗ್ಗೆ ಅಣ್ಣ ಬಾಯಿ ಬಿಟ್ಟಿಲ್ಲ, ಜಾಣ. ಸಲಿಕೆ ವೀರನಿಗೆ ಒಬ್ಬಳು ಜೊತೆಗಾತಿ ಇದ್ದಳು, ಶೀಲ್ಡ್ ನೈಟ್. ಗುರಾಣಿ ಹಿಡಿದವಳು. ಇಬ್ಬರೂ ಸರಿಸಮ. ಒಂದು ಗೋಪುರದಲ್ಲಿ ಅವಳು ಕಳೆದುಹೋಗುತ್ತಾಳೆ, ಆಟ ಅಲ್ಲಿಂದ ಶುರು. ಘಟ್ಟಗಳ ನಡುವೆ ವೀರ ಬೆಂಕಿ ಹಾಕಿಕೊಂಡು ಮಲಗುತ್ತಾನೆ, ಕೆಲವು ರಾತ್ರಿ ಕನಸು ಬೀಳುತ್ತದೆ: ಅವಳು ಆಕಾಶದಿಂದ ಬೀಳುತ್ತಿದ್ದಾಳೆ, ನಾವು ಓಡಿ ಹಿಡಿಯಬೇಕು. ಆ ಕನಸು ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ, ಮೊದಲ ಸಲ ಅವಳು ನಿಧಾನಕ್ಕೆ ಬೀಳುವುದು ಕಂಡಾಗ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು. ಆದರೆ ಮೂರನೇ ಕನಸಿಗೆ ನನಗೆ ಕಂಡದ್ದು ಎರಡನೇ ಕಂಟ್ರೋಲರ್. ಬೀಳುವುದು, ಕಾಯುವುದು, ಇನ್ನೊಬ್ಬ ಚೆನ್ನಾಗಿ ಆಡಿದರೆ ಬದುಕುವುದು. (ಕೊನೆ ಗೊತ್ತಾಗಬಾರದು ಅನ್ನುವವರು ಮುಂದಿನ ಸಾಲು ಬಿಟ್ಟುಬಿಡಿ.) ಕಟ್ಟಕಡೆಯ ಕಾಳಗದಲ್ಲಿ ಅವಳೂ ಪಕ್ಕದಲ್ಲಿ ನಿಂತು ಹೋರಾಡುತ್ತಾಳೆ; ಪಾತ್ರಗಳ ಗಂಡು-ಹೆಣ್ಣು ಬದಲಿಸಿಕೊಳ್ಳುವ ಸೌಲಭ್ಯವನ್ನೂ, ಇಬ್ಬರು ಸೇರಿ ಆಡುವುದನ್ನೂ ಆಮೇಲೆ ಸೇರಿಸಿದರು. ಒಳ್ಳೆಯದೇ. ಎಲ್ಲವೂ ಆಮೇಲೆ.

ಓಬವ್ವನನ್ನು ಎಳೆದು ತಂದಿದ್ದಾನಲ್ಲ, ಅದಕ್ಕೂ ಒಂದು ಮಾತಿದೆ. ಪಹರೆಗೆ ನಿಂತಿದ್ದವನು ಅವಳ ಗಂಡ. ಅವನು ಊಟಕ್ಕೆ ಕೂತಿದ್ದ. ಅವನ ಊಟ ಮುಗಿಯಲಿ, ಆಮೇಲೆ ನನ್ನ ಸರದಿ ಅಂತ ಅವಳು ಕಾಯಲಿಲ್ಲ.

ಇಷ್ಟಾದರೂ ಮಗನಿಂದ ಆಟ ಕಿತ್ತುಕೊಂಡಿಲ್ಲ. ಕಿತ್ತುಕೊಂಡರೆ ಪುಕ್ಕಟೆ ಆಟ, ಸಾಲದ ಆ್ಯಪು. ಆ ಒಂದು ಮಾತನ್ನು ಅಣ್ಣ ಸರಿಯಾಗಿಯೇ ಹೇಳಿದ್ದಾನೆ. ಹೋದ ಭಾನುವಾರ ರಾತ್ರಿ, ‘ಅಮ್ಮ, ಇಬ್ರೂ ಆಡ್ಬೋದು ಗೊತ್ತಾ?’ ಅಂತ ಇನ್ನೊಂದು ಕಂಟ್ರೋಲರ್ ಚಾಚಿದ. ‘ಇದು ಎರಡನೇದು. ನಿಂದು.’ ಮಾವನಿಂದ ಕಲಿತದ್ದಲ್ಲ, ಪಾಪ, ತಾನಾಗಿ ಬಂದ ಮಾತು.

ತಿರುಗಿಸಿ ನೋಡಿದೆ. ಈಗಿನವು ಎರಡೂ ಒಂದೇ ಥರ ಇರುತ್ತವೆ. ಅರ್ಧ ಗಂಟೆ ಆಡಿದೆವು. ನಾನು ಹೆಚ್ಚಾಗಿ ಗುಂಡಿಯಲ್ಲೇ ಇದ್ದೆ. ಅವನು ಮುಂದೆ ಮುಂದೆ ಓಡಿ, ಕಟ್ಟಕಡೆಯ ಬಾಗಿಲ ಹತ್ತಿರ, ಇನ್ನೇನು ದೊಡ್ಡ ಖಳ ಬರಬೇಕು ಅನ್ನುವಷ್ಟರಲ್ಲಿ ಒಲೆ ಮೇಲಿನ ಕುಕ್ಕರ್ ಮೂರನೇ ಸೀಟಿ ಹೊಡೆಯಿತು.

ಸ್ಟಾರ್ಟ್ ಒತ್ತಿದೆ. ಆಟ ಗಕ್ಕನೆ ನಿಂತಿತು. ಮಗ ಬಾಯಿ ಬಿಟ್ಟುಕೊಂಡು ನನ್ನ ಕಡೆ ತಿರುಗಿದ.

‘ಊಟ’ ಅಂದೆ.